ಅಡ್ಡಹೆಸರು ಸಾಕ್ಷಿಯಾಗಬಲ್ಲದೆ? ಬೆಳಗಾವಿ–ಖಾನಾಪುರ ಸೀಮೆಯ ‘ಕುಂಬಾರ/ಕುಂಭಾರ’ವನ್ನು ಮುಂದಿಟ್ಟುಕೊಂಡು ಒಂದು ವಿಧಾನವಿಮರ್ಶೆ

1. ಪ್ರಶ್ನೆಯ ಸ್ವರೂಪ

ವೃತ್ತಿಸೂಚಕ ಅಡ್ಡಹೆಸರುಗಳ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ಮೂರು ಹೆಜ್ಜೆಗಳಲ್ಲಿ ಸಾಗುತ್ತದೆ. ಮೊದಲು ಹೆಸರನ್ನು ಒಂದು ಪದವೆಂದು ಪರಿಗಣಿಸಿ ನಿಘಂಟಿನಲ್ಲಿ ಅದರ ವ್ಯುತ್ಪತ್ತಿಯನ್ನು ನೋಡಲಾಗುತ್ತದೆ. ಬಳಿಕ ಆ ಪದ ಯಾವ ಭಾಷೆಗೆ ಸೇರಿದ್ದೆಂದು ತೀರ್ಮಾನಿಸಲಾಗುತ್ತದೆ. ಕೊನೆಗೆ, ಆ ಹೆಸರನ್ನು ಹೊತ್ತ ಮನೆತನಗಳೂ ಅದೇ ಭಾಷೆಯವು, ಅದೇ ನೆಲದಿಂದ ಬಂದವು ಎಂದು ಹೇಳಲಾಗುತ್ತದೆ. ಮೊದಲ ಹೆಜ್ಜೆಗೆ ಶಾಸ್ತ್ರದ ಆಧಾರವಿದೆ. ಎರಡನೆಯದಕ್ಕೆ ಕೆಲವೊಮ್ಮೆ ಇದೆ. ಮೂರನೆಯದಕ್ಕೆ ಆಧಾರವೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಿದ್ದೇವೆ.

ಪರಿಶೀಲನೆಗೆ ನಾವು ಆಯ್ದುಕೊಂಡಿರುವ ಹೆಸರು ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕುಗಳಲ್ಲಿ ‘ಕುಂಬಾರ’ ಎಂದೂ ‘ಕುಂಭಾರ’ ಎಂದೂ ಬರೆಯಲ್ಪಡುವ ಅಡ್ಡಹೆಸರು. ಆಯ್ಕೆಗೆ ಎರಡು ಕಾರಣಗಳಿವೆ. ಖಾನಾಪುರ ಸೀಮೆ ತನ್ನ ಜೇಡಿಮಣ್ಣಿಗೂ ಕುಂಬಾರಿಕೆಗೂ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಅಲ್ಲಿಯೇ. ಹೆಸರು ಸೂಚಿಸುವ ವೃತ್ತಿ ಇನ್ನೂ ಜೀವಂತವಾಗಿರುವ ಸ್ಥಳದಲ್ಲಿ ಹೆಸರನ್ನೂ ವೃತ್ತಿಯನ್ನೂ ಬೇರೆಬೇರೆಯಾಗಿ ನೋಡಲು ಅನುಕೂಲವಾಗುತ್ತದೆ. ಎರಡನೆಯದಾಗಿ, ಕನ್ನಡ, ಮರಾಠಿ, ಕೊಂಕಣಿ ಮತ್ತು ದಖನಿ ಉರ್ದು ಒಂದೇ ಸಂತೆಯಲ್ಲಿ ಕೇಳಿಬರುವ ಈ ಪ್ರದೇಶದಲ್ಲಿ ‘ಈ ಮನೆತನ ಯಾರ ಕಡೆಯದು’ ಎಂಬ ಪ್ರಶ್ನೆ ಕೇವಲ ವಿದ್ವತ್ತಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಭಾಷಾವಿಜ್ಞಾನದ ಹೆಸರಿನಲ್ಲಿ ನಾವು ಕೊಡುವ ಉತ್ತರ ಬೇರೆಯವರ ಕೈಯಲ್ಲಿ ಪುರಾವೆಯಾಗಿ ಪರಿಣಮಿಸಬಹುದು.

ನಮ್ಮ ವಾದವನ್ನು ಆರಂಭದಲ್ಲಿಯೇ ಹೇಳುತ್ತೇವೆ. ‘ಕುಂಬಾರ’ ಎಂಬ ಪದಕ್ಕೆ ಒಂದು ಚರಿತ್ರೆ ಇದೆ. ವ್ಯಕ್ತಿಯ ಹೆಸರಿಗೆ ಜೋಡಿಸುವ ‘ಕುಂಬಾರ’ ಎಂಬ ವಿಶೇಷಣಕ್ಕೆ ಇನ್ನೊಂದು ಚರಿತ್ರೆ ಇದೆ. ತಲೆಮಾರಿನಿಂದ ತಲೆಮಾರಿಗೆ ದಾಖಲೆಯ ಮೂಲಕ ಸಾಗುವ ‘ಕುಂಬಾರ’ ಎಂಬ ಅಡ್ಡಹೆಸರಿಗೆ ಮೂರನೆಯದೊಂದು ಚರಿತ್ರೆ ಇದೆ. ಮೂರರ ಕಾಲವೂ ವ್ಯಾಪ್ತಿಯೂ ಬೇರೆಬೇರೆ. ಮೊದಲನೆಯದರ ಪುರಾವೆಯಿಂದ ಮೂರನೆಯದರ ಬಗ್ಗೆ ತೀರ್ಪು ಕೊಡುವುದೇ ಇಲ್ಲಿ ವಿಮರ್ಶೆಗೆ ಒಳಗಾಗಬೇಕಾದ ವಿಧಾನ.

2. ಪದದ ಚರಿತ್ರೆ

ಪದದ ಮೂಲದ ಬಗ್ಗೆ ವಿವಾದವಿಲ್ಲ. ಕಿಟ್ಟೆಲ್ಲರ 1894ರ ನಿಘಂಟು ಅದನ್ನು ಸಂಸ್ಕೃತದ ‘ಕುಂಭಕಾರ’ದ ತದ್ಭವವೆಂದು ಗುರುತಿಸುತ್ತದೆ. ಟರ್ನರ್ ಅವರ ಇಂಡೋ-ಆರ್ಯನ್ ತೌಲನಿಕ ನಿಘಂಟಿನಲ್ಲಿ ಅದೇ ಮೂಲದಡಿ ಮರಾಠಿಯ ‘ಕುಂಭಾರ’ ಮತ್ತು ಹಿಂದಿಯ ‘ಕುಮ್ಹಾರ’ ರೂಪಗಳು ಬರುತ್ತವೆ. ತೆಲುಗಿನ ‘ಕುಮ್ಮರಿ’ಯೂ ಇದೇ ಬಳ್ಳಿಯದು. ತಮಿಳಿನ ‘ಕುಯವನ್’, ಮಲಯಾಳದ ‘ಕುಶವನ್’ ಮಾತ್ರ ಬೇರೆ ಮೂಲದವು.

ಆದರೆ ‘ತದ್ಭವ’ ಎಂಬ ಮಾತು ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಮರೆಮಾಡುತ್ತದೆ. ‘ಕುಂಭಕಾರ’ದಿಂದ ‘ಕುಂಬಾರ’ ಬರಬೇಕಾದರೆ ಎರಡು ಧ್ವನಿವ್ಯತ್ಯಾಸಗಳು ನಡೆಯಬೇಕು: ಭಕಾರ ಬಕಾರವಾಗಬೇಕು ಮತ್ತು ಸ್ವರಗಳ ನಡುವಿನ ಕಕಾರ ಲೋಪವಾಗಬೇಕು. ಮೊದಲನೆಯದು ಕನ್ನಡದ ಸಹಜ ಪ್ರವೃತ್ತಿ. ಮಹಾಪ್ರಾಣ ಅಲ್ಪಪ್ರಾಣವಾಗುವುದನ್ನು ಹದಿಮೂರನೆಯ ಶತಮಾನದ ಕೇಶಿರಾಜನೇ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ನಿರೂಪಿಸಿದ್ದಾನೆ. ಎರಡನೆಯದು ಹಾಗಲ್ಲ. ‘-ಕಾರ’ ಎಂಬುದು ಕನ್ನಡದಲ್ಲಿ ನೆಲೆನಿಂತ ರೂಪ ‘-ಗಾರ’. ‘ಮಾಲಾಕಾರ’ ‘ಮಾಲೆಗಾರ’ವಾಯಿತು, ‘ಚಿತ್ರಕಾರ’ ‘ಚಿತ್ರಗಾರ’ವಾಯಿತು, ದೇಶೀಯ ಪ್ರಕೃತಿಗಳಿಗೂ ಅದೇ ‘-ಗಾರ’ ಹತ್ತಿ ‘ಹೂಗಾರ’, ‘ಬಳೆಗಾರ’ ಬಂದವು. ಕನ್ನಡವೇ ‘ಕುಂಭಕಾರ’ವನ್ನು ತನ್ನ ಬಾಯಿಗೆ ಒಗ್ಗಿಸಿಕೊಂಡಿದ್ದರೆ ‘*ಕುಂಬಗಾರ’ದಂಥ ರೂಪವನ್ನು ನಿರೀಕ್ಷಿಸಬೇಕಿತ್ತು. ಕಕಾರ ಪೂರ್ತಿ ಅಳಿದುಹೋಗಿರುವುದು ಪ್ರಾಕೃತದ ಕೆಲಸ. ಆದ್ದರಿಂದ ಕನ್ನಡ ಈ ಪದವನ್ನು ಪಡೆದದ್ದು ಪ್ರಾಕೃತದ ‘ಕುಂಭಾರ’ದಂಥ ರೂಪದಿಂದ, ಅದರ ಮಹಾಪ್ರಾಣವನ್ನು ಕಳೆದು ‘ಕುಂಬಾರ’ ಮಾಡಿಕೊಂಡಿತು. ಮರಾಠಿಗೆ ಅದೇ ಪದ ಅದೇ ಪ್ರಾಕೃತದ ಮಜಲಿನಿಂದ ವಂಶಪರಂಪರೆಯಾಗಿ ಬಂದಿತು.

ಚಿನಿವಾರರ ಹೆಸರುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಅಂತರ ಸ್ಪಷ್ಟವಾಗುತ್ತದೆ. ಮರಾಠಿಯಲ್ಲಿ ‘ಸೋನಾರ’ ಎಂದಿರುವಲ್ಲಿ ಹಳೆಯ ಕನ್ನಡದಲ್ಲಿ ‘ಸೊನ್ನಗಾರ’ ಎಂದಿದೆ. ಅಲ್ಲಿ ಗಕಾರ ಉಳಿದಿರುವುದರಿಂದ ಎರಡು ರೂಪಗಳನ್ನು ಕೇಳಿದಾಕ್ಷಣ ಬೇರ್ಪಡಿಸಬಹುದು. ಕುಂಬಾರನ ವಿಷಯದಲ್ಲಿ ಆ ಸೌಲಭ್ಯವಿಲ್ಲ. ಎರಡು ಭಾಷೆಗಳ ರೂಪಗಳ ನಡುವೆ ಉಳಿದಿರುವುದು ಒಂದು ಮಹಾಪ್ರಾಣ ಮಾತ್ರ.

ಇದರಿಂದ ಎರಡು ಮಾತುಗಳು ಸಿದ್ಧವಾಗುತ್ತವೆ. ಮೊದಲನೆಯದು, ‘ಕುಂಬಾರ’ವು ಮರಾಠಿಯಿಂದ ಕನ್ನಡಕ್ಕೆ ಬಂದ ಎರವಲಲ್ಲ. ಮರಾಠಿಯ ಸೋಂಕಿಲ್ಲದ ಚಾಮರಾಜನಗರ, ಮಂಡ್ಯಗಳಲ್ಲಿಯೂ ಮಡಕೆ ಮಾಡುವವನು ಕುಂಬಾರನೇ. ಎರಡನೆಯದು, ಅದು ‘ಶುದ್ಧ ಕನ್ನಡ’ದ ಗುರುತೂ ಅಲ್ಲ. ಪದ ಗಡಿಯ ಎರಡು ಬದಿಗೂ ಸೇರಿದ್ದು, ಮತ್ತು ಇಂದಿನ ಗಡಿಯ ಕಲ್ಪನೆಗಿಂತ ಬಹಳ ಹಿಂದಿನಿಂದ ಹಾಗೆ ಸೇರಿದ್ದು. ಖಾನಾಪುರದ ಒಂದು ಮನೆತನದ ಅಡ್ಡಹೆಸರು ‘ಕುಂಬಾರ’ ಎಂಬುದರಿಂದ ಆ ಮನೆತನದ ಮೂಲಭಾಷೆಯ ಬಗ್ಗೆ ಪದಚರಿತ್ರೆಯ ಬಲದಿಂದ ಏನನ್ನೂ ಹೇಳಲಾಗದು.

3. ರೋಮಾನ್ಸ್ ಮಾದರಿ ಇಲ್ಲಿ ಏಕೆ ಸಲ್ಲುವುದಿಲ್ಲ

ಅಡ್ಡಹೆಸರಿನ ರೂಪದಿಂದ ಮನೆತನದ ಭಾಷೆಯನ್ನು ಊಹಿಸುವ ವಿಧಾನಕ್ಕೆ ಯುರೋಪಿನಲ್ಲಿ, ವಿಶೇಷವಾಗಿ ಲ್ಯಾಟಿನ್ ಮೂಲದ ಭಾಷೆಗಳ ಅಧ್ಯಯನದಲ್ಲಿ, ದೃಢವಾದ ನೆಲೆ ಇದೆ. ಕಮ್ಮಾರನೆಂಬ ಅರ್ಥದ ಲ್ಯಾಟಿನ್ ಪದ ‘ಫೆರ್ರಾರಿಯುಸ್’. ಸ್ಪೇನಿನ ಪೂರ್ವಭಾಗದ ಕತಲಾನ್ ಭಾಷೆಯಲ್ಲಿ ಅದು ‘ಫೆರ್ರೆರ್’ ಆಗಿದೆ; ನೆರೆಯ ಕ್ಯಾಸ್ಟಿಲಿಯನ್‌ನಲ್ಲಿ, ಎಂದರೆ ನಾವು ಸ್ಪ್ಯಾನಿಷ್ ಎನ್ನುವ ಭಾಷೆಯಲ್ಲಿ, ಮೊದಲಿನ ಫಕಾರ ಕಳೆದು ‘ಎರ್ರೆರೊ’ ಆಗಿದೆ. ಕುಂಬಾರನಿಗೂ ಹಾಗೆಯೇ: ಗಡಿಗೆ ಎಂಬರ್ಥದ ‘ಒಲ್ಲಾ’ದಿಂದ ಬಂದ ಹೆಸರು ಕತಲಾನ್‌ನಲ್ಲಿ ‘ಒಲ್ಯೆರ್’, ಕ್ಯಾಸ್ಟಿಲಿಯನ್‌ನಲ್ಲಿ ‘ಒಲ್ಯೆರೊ’. ಹತ್ತೊಂಬತ್ತನೆಯ ಶತಮಾನದ ಕತಲಾನ್ ಕಾದಂಬರಿಕಾರ ನಾರ್ಸಿಸ್‌ನ ಅಡ್ಡಹೆಸರು ಈ ‘ಒಲ್ಯೆರ್’. ಅರಗೊನ್ ಅಥವಾ ವಲೆನ್ಸಿಯಾದಲ್ಲಿ ‘ಫೆರ್ರೆರ್’ ಎಂಬ ಹೆಸರು ಸಿಕ್ಕಾಗ, ಅದು ರೂಪುಗೊಂಡದ್ದು ಕ್ಯಾಸ್ಟಿಲಿಯನ್ ಬಾಯಲ್ಲಿ ಅಲ್ಲ ಎಂದು ಸಂಶೋಧಕರು ಧೈರ್ಯವಾಗಿ ಹೇಳಬಲ್ಲರು.

ಆ ಧೈರ್ಯಕ್ಕೆ ಕಾರಣ ಹೆಸರಲ್ಲ, ಧ್ವನಿನಿಯಮ. ಎರಡು ಭಾಷೆಗಳೂ ಒಂದೇ ಪದವನ್ನು ಒಂದೇ ತಾಯಿಯಿಂದ ಪಡೆದು, ಬೇರೆಬೇರೆ ನಿಯಮಗಳಿಗೆ ಒಳಪಡಿಸಿ, ಬೇರೆಬೇರೆ ರೂಪಗಳನ್ನು ಕೊಟ್ಟಿವೆ. ನಮ್ಮ ಪ್ರಕರಣದಲ್ಲಿ ಈ ಷರತ್ತು ನೆರವೇರುವುದಿಲ್ಲ. ಮರಾಠಿಯ ಪಾಲಿಗೆ ‘ಕುಂಭಾರ’ ಪಿತ್ರಾರ್ಜಿತ, ಕನ್ನಡದ ಪಾಲಿಗೆ ‘ಕುಂಬಾರ’ ಎರವಲು. ಎರವಲು ಪಡೆದ ಮೇಲೆ ಕನ್ನಡ ಮಾಡಿದ ಬದಲಾವಣೆ ಒಂದೇ ಒಂದು, ಮಹಾಪ್ರಾಣದ ಲೋಪ. ಆ ಒಂದು ಗುರುತಾದರೂ ಭದ್ರವಾಗಿದೆಯೇ ಎಂದು ನೋಡಿದರೆ ಅದೂ ಇಲ್ಲ. ಪದದ ಮಧ್ಯ ಮತ್ತು ಕೊನೆಯ ಮಹಾಪ್ರಾಣಗಳನ್ನು ಸಡಿಲಗೊಳಿಸುವ ಪ್ರವೃತ್ತಿ ಮರಾಠಿಯಲ್ಲಿಯೂ ಇದೆ. ಹಿಂದಿಯ ‘ಹಾಥ್’ಗೆ ಎದುರಾಗಿ ಮರಾಠಿಯಲ್ಲಿ ‘ಹಾತ್’ ಇರುವುದು ಪ್ರಸಿದ್ಧ ಉದಾಹರಣೆ. ಗೋವೆಯ ಕೊಂಕಣಿಯಲ್ಲಿ, ಮುಖ್ಯವಾಗಿ ಕ್ರೈಸ್ತರ ಮಾತಿನಲ್ಲಿ, ಮಹಾಪ್ರಾಣ ಬಹುಪಾಲು ಕ್ಷೀಣಿಸಿದೆ. ಖಾನಾಪುರ ತಾಲ್ಲೂಕಿನ ಪಶ್ಚಿಮ ಅಂಚು ಗೋವೆಗೆ ಹೊಂದಿಕೊಂಡಿದೆ. ಅಲ್ಲಿ ಬಾಯಲ್ಲಿ ಕೇಳಿದ ‘ಕುಂಬಾರ್’ ಎಂಬ ಉಚ್ಚಾರ ಕನ್ನಡದ್ದೋ, ಕೊಂಕಣಿಯದ್ದೋ, ಸಡಿಲವಾಗಿ ಆಡಿದ ಮರಾಠಿಯದ್ದೋ ಎಂದು ಉಚ್ಚಾರವೊಂದರಿಂದಲೇ ಬಿಡಿಸಲು ಬರುವುದಿಲ್ಲ. ಕತಲಾನ್ ಹೆಸರುಗಳ ಅಧ್ಯಯನದಿಂದ ನಾವು ಕಲಿಯಬೇಕಾದದ್ದು ಅದರ ತೀರ್ಮಾನವನ್ನಲ್ಲ, ಅದರ ಷರತ್ತನ್ನು.

4. ವಿಶೇಷಣದಿಂದ ಅಡ್ಡಹೆಸರಿಗೆ

ವ್ಯಕ್ತಿಯ ಹೆಸರಿಗೆ ವೃತ್ತಿಯ ಹೆಸರನ್ನು ಜೋಡಿಸುವ ರೂಢಿ ಎರಡೂ ಭಾಷೆಗಳಲ್ಲಿ ಹಳೆಯದು. ಆದರೆ ಜೋಡಿಸುವ ಕ್ರಮ ಬೇರೆ. ಹರಿಹರನ ರಗಳೆಯೊಂದರ ನಾಯಕ ‘ಕುಂಬಾರ ಗುಂಡಯ್ಯ’. ಮರಾಠಿ ವಾರಕರಿ ಪರಂಪರೆಯ ಸಂತ ‘ಗೋರಾ ಕುಂಭಾರ’. ಕನ್ನಡದಲ್ಲಿ ವೃತ್ತಿಪದ ವ್ಯಕ್ತಿನಾಮದ ಮುಂದೆ ಬಂದಿದೆ, ಮರಾಠಿಯಲ್ಲಿ ಹಿಂದೆ. ಇದು ಒಂದು ಜೋಡಿಯ ಆಕಸ್ಮಿಕವಲ್ಲ. ಶರಣರಲ್ಲಿ ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಮೇದಾರ ಕೇತಯ್ಯ. ವಾರಕರಿ ಸಂತರಲ್ಲಿ ಸಾವತಾ ಮಾಳಿ, ನರಹರಿ ಸೋನಾರ, ಸೇನಾ ನ್ಹಾವಿ. ಕನ್ನಡದ ಹೆಸರುಗಳಲ್ಲಿ ವೃತ್ತಿಪದ ವಿಶೇಷಣದ ಸ್ಥಾನದಲ್ಲಿದೆ. ‘ಅಂಬಿಗರ’, ‘ಹಡಪದ’ಗಳಲ್ಲಿ ಷಷ್ಠೀ ವಿಭಕ್ತಿಯೇ ಕಾಣುತ್ತದೆ. ಅದು ಆ ವ್ಯಕ್ತಿಯನ್ನು ಗುರುತಿಸುವ ಮಾತು. ಆತನ ಮಕ್ಕಳಿಗೆ ತಾನಾಗಿ ಸಲ್ಲುವ ಹೆಸರೆಂಬುದು ಅದರಿಂದ ಸಿದ್ಧವಾಗುವುದಿಲ್ಲ.

ಇಂದು ಬೆಳಗಾವಿಯ ಶಾಲಾ ದಾಖಲೆಯಲ್ಲಿ ಕಾಣುವ ಕ್ರಮ ಬೇರೆ: ಸ್ವಂತ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಇದು ಮುಂಬಯಿ ಪ್ರಾಂತದ ಆಡಳಿತದೊಡನೆ ಬೇರೂರಿದ ಕ್ರಮ. ಹಳೆಯ ಮೈಸೂರಿನಲ್ಲಿ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳೇ ಸಾಕಾದವು. ಕುಂಬಾರಿಕೆ ಅಲ್ಲಿಯೂ ಇತ್ತು, ಆದರೆ ‘ಕುಂಬಾರ’ ಎಂಬ ಅಡ್ಡಹೆಸರು ಬೆಳಗಾವಿ, ವಿಜಯಪುರ, ಧಾರವಾಡಗಳಲ್ಲಿ ಕಾಣುವ ಪ್ರಮಾಣದಲ್ಲಿ ಅಲ್ಲಿ ಬೆಳೆಯಲಿಲ್ಲ. ಕರಾವಳಿಯ ದಕ್ಷಿಣ ಕನ್ನಡದಲ್ಲಿ ಅದೇ ವೃತ್ತಿಯ ಮನೆತನಗಳು ‘ಕುಲಾಲ’, ‘ಮೂಲ್ಯ’ ಎಂಬ ಹೆಸರುಗಳನ್ನು ಹೊತ್ತಿವೆ. ವೃತ್ತಿ ಇಡೀ ನಾಡಿನದು. ಪದವೂ ಬಹುಮಟ್ಟಿಗೆ ಹಾಗೆಯೇ. ಅಡ್ಡಹೆಸರು ಮಾತ್ರ ಹಳೆಯ ಆಡಳಿತದ ಗೆರೆಗಳನ್ನು ಅನುಸರಿಸುತ್ತದೆ. ಹಾಗಾಗಿ ‘ಕುಂಬಾರ’ ಅಡ್ಡಹೆಸರಿನ ಪ್ರಸಾರದ ನಕ್ಷೆಯನ್ನು ಬಿಡಿಸಿದರೆ ನಮಗೆ ಸಿಗುವುದು ಮುಖ್ಯವಾಗಿ ಒಂದು ಬಗೆಯ ದಾಖಲೆಯ ಪ್ರಸಾರದ ನಕ್ಷೆ. ಅದನ್ನು ಜನರ ವಲಸೆಯ ನಕ್ಷೆಯೆಂದು ಓದಬೇಕಾದರೆ ಬೇರೆ ಪುರಾವೆ ಬೇಕು.

ಈ ಕ್ರಮದ ಹೆಸರೇ ಇದಕ್ಕೊಂದು ಪೂರಕ ಸೂಚನೆ. ಉತ್ತರ ಕರ್ನಾಟಕದ ‘ಅಡ್ಡಹೆಸರು’ ಮತ್ತು ಮರಾಠಿಯ ‘ಆಡನಾವ’ ಘಟಕಕ್ಕೆ ಘಟಕ ಹೊಂದುವ ಜೋಡಿ. ಹೆಸರಿಡುವ ಪದ್ಧತಿ ಮಾತ್ರವಲ್ಲ, ಆ ಪದ್ಧತಿಯನ್ನು ಕರೆಯುವ ಮಾತೂ ಎರಡು ಭಾಷೆಗಳ ನಡುವೆ ಹಂಚಿಕೆಯಾಗಿದೆ. ಪದ್ಧತಿ ಹಂಚಿಕೆಯಾದೆಡೆಯಲ್ಲೆಲ್ಲ ಜನರೂ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಿರಬೇಕೆಂಬ ನಿಯಮವಿಲ್ಲ.

5. ದಾಖಲೆ, ಲಿಪಿ ಮತ್ತು ಬರೆದವನ ಕಿವಿ

ಅಡ್ಡಹೆಸರು ದಾಖಲೆಯಲ್ಲಿ ಹುಟ್ಟುತ್ತದೆಂದ ಮೇಲೆ ದಾಖಲೆಯನ್ನು ಬರೆದವರು ಯಾರು, ಯಾವ ಲಿಪಿಯಲ್ಲಿ ಬರೆದರು ಎಂಬುದು ಪ್ರಧಾನ ಪ್ರಶ್ನೆಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಶಿಕ್ಷಣ ಮತ್ತು ಕಚೇರಿಗಳಲ್ಲಿ ಮರಾಠಿಗೆ ಇದ್ದ ಸ್ಥಾನ, ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಪಟ್ಟ ಶ್ರಮ, 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು ಇವೆಲ್ಲ ಇತಿಹಾಸಕಾರರಿಗೆ ಪರಿಚಿತ. ಹೆಸರುಗಳ ಅಧ್ಯಯನದಲ್ಲಿ ಇವು ಹಿನ್ನೆಲೆಯ ವಿವರಗಳಲ್ಲ, ಪುರಾವೆಯ ಭಾಗವೇ. ದೇವನಾಗರಿ ಅಥವಾ ಮೋಡಿ ಲಿಪಿಯಲ್ಲಿ ಬರೆದ ಗುಮಾಸ್ತನಿಗೆ ಮರಾಠಿಯ ರೂಢಿಯಂತೆ ಭಕಾರವೇ ಸಹಜ. ಕನ್ನಡದಲ್ಲಿ ಬರೆದವನಿಗೆ ಬಕಾರ ಸಹಜ. ಆತ ಸಂಸ್ಕೃತದ ಪರಿಚಯವಿದ್ದು ‘ಕುಂಭ’ವನ್ನು ನೆನೆದರೆ ಭಕಾರವನ್ನೂ ಬರೆಯಬಹುದು. ಮೂರೂ ಸಂದರ್ಭಗಳಲ್ಲಿ ಕಾಗದದ ಮೇಲೆ ಉಳಿಯುವುದು ಬರೆದವನ ಕಿವಿ ಮತ್ತು ಶಿಕ್ಷಣ. ಹೆಸರು ಹೇಳಿದವನ ಮನೆಮಾತಲ್ಲ.

ಆಂಗ್ಲ ದಾಖಲೆಗಳು ಈ ಸಮಸ್ಯೆಯನ್ನು ಇನ್ನಷ್ಟು ಜಟಿಲಗೊಳಿಸುತ್ತವೆ. ಎಂಥೋವನ್ ಅವರು 1920–22ರಲ್ಲಿ ಪ್ರಕಟಿಸಿದ ಮುಂಬಯಿ ಪ್ರಾಂತದ ಜಾತಿ–ಬುಡಕಟ್ಟುಗಳ ಮೂರು ಸಂಪುಟಗಳಲ್ಲಿ ಇಡೀ ಪ್ರಾಂತದ ಕುಂಬಾರರಿಗೆ ‘ಕುಂಭಾರ’ ಎಂಬ ಒಂದೇ ತಲೆಬರಹ. ಗುಜರಾತಿ, ಮರಾಠಿ, ಕನ್ನಡ ಮಾತಾಡುವವರೆಲ್ಲ ಅದರಡಿ ಬರುತ್ತಾರೆ. ವರ್ಗೀಕರಣಕ್ಕೆ ಅದು ಅನುಕೂಲವೇ ಸರಿ. ಆದರೆ ಅಲ್ಲಿಯ ಅಕ್ಷರವಿನ್ಯಾಸವನ್ನು ಸ್ಥಳೀಯ ಉಚ್ಚಾರದ ಸಾಕ್ಷಿಯೆಂದು ಉದ್ಧರಿಸುವುದು ತಲೆಬರಹವನ್ನು ಕ್ಷೇತ್ರದತ್ತಾಂಶವೆಂದು ಭಾವಿಸಿದಂತಾಗುತ್ತದೆ.

ರೋಮನ್ ಲಿಪಿಯ ಇನ್ನೆರಡು ಬಲೆಗಳನ್ನು ಸಂಶೋಧನಾ ವಿದ್ಯಾರ್ಥಿಗಳ ಗಮನಕ್ಕೆ ತರಬೇಕು. ಹಳೆಯ ಆಂಗ್ಲ ಬರವಣಿಗೆಯಲ್ಲಿ ಹ್ರಸ್ವ ಅಕಾರವನ್ನು ಇಂಗ್ಲಿಷಿನ ‘ಯು’ ಅಕ್ಷರದಿಂದ ಸೂಚಿಸುವ ರೂಢಿ ಇತ್ತು. ಪಂಜಾಬ್ ಎಂಬ ಹೆಸರಿನ ಆಂಗ್ಲ ಕಾಗುಣಿತ ಇಂದಿಗೂ ಅದರ ಕುರುಹು. ಹೀಗಾಗಿ ಹಳೆಯ ಪಟ್ಟಿಯೊಂದರಲ್ಲಿ ಯು ಅಕ್ಷರದೊಡನೆ ಬರೆದ ಹೆಸರು ‘ಕುಂಬಾರ’ವೂ ಆಗಿರಬಹುದು, ‘ಕಂಬಾರ’ವೂ ಆಗಿರಬಹುದು. ಎರಡನೆಯದು ಮಡಕೆಯವನ ಹೆಸರಲ್ಲ, ಕಬ್ಬಿಣದವನ ಹೆಸರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯವರಾದ ಕವಿ ಚಂದ್ರಶೇಖರ ಕಂಬಾರರ ಅಡ್ಡಹೆಸರಿನಿಂದ ಅದು ಕನ್ನಡಿಗರಿಗೆಲ್ಲ ಪರಿಚಿತ. ಒಂದು ಸ್ವರದ ಕಾಗುಣಿತದಲ್ಲಿ ಎರಡು ವೃತ್ತಿಗಳು ಬೆರೆತುಹೋಗಬಲ್ಲವು. ಎರಡನೆಯ ಬಲೆ ಹೆಸರಿನ ಕೊನೆಯಲ್ಲಿದೆ. ಊರಿನ ಹೆಸರಿಗೆ ಹತ್ತುವ ಮರಾಠಿಯ ‘-ಕರ’ ಪ್ರತ್ಯಯ ಹ್ರಸ್ವ. ವೃತ್ತಿಗೆ ಹತ್ತುವ ‘-ಕಾರ’, ‘-ಗಾರ’, ‘-ಆರ’ಗಳು ದೀರ್ಘ. ರೋಮನ್‌ನಲ್ಲಿ ದೀರ್ಘದ ಗುರುತಿಲ್ಲದೆ ಬರೆದಾಗ ಊರಿನಿಂದ ಬಂದ ಹೆಸರೂ ಕಸುಬಿನಿಂದ ಬಂದ ಹೆಸರೂ ಒಂದೇ ಬಗೆಯಾಗಿ ಕಾಣುತ್ತವೆ. ಕಂಪ್ಯೂಟರಿನಲ್ಲಿ ಮತದಾರರ ಪಟ್ಟಿಯನ್ನು ಪ್ರತ್ಯಯದ ಮೇಲೆ ವಿಂಗಡಿಸಿ ಶೇಕಡಾವಾರು ಲೆಕ್ಕ ಹಾಕುವವರು ಮೊದಲು ಈ ಗೊಂದಲವನ್ನು ನಿವಾರಿಸಿಕೊಳ್ಳಬೇಕಾಗುತ್ತದೆ.

ದಾಖಲೆಯ ಕೈವಾಡ ನಮ್ಮ ಸೀಮೆಯ ವಿಶೇಷವೇನಲ್ಲ. ಕತಲಾನ್‌ನ ಬಹುಪಾಲು ಉಪಭಾಷೆಗಳಲ್ಲಿ ಪದಾಂತ್ಯದ ರಕಾರ ಉಚ್ಚಾರವಾಗದ ಕಾರಣ ‘ಫೆರ್ರೆರ್’ ಎಂಬ ಹೆಸರು ಹಲವು ಮನೆತನಗಳಲ್ಲಿ ‘ಫೆರ್ರೆ’ ಎಂದೂ, ‘ಒಲ್ಯೆರ್’ ಎಂಬುದು ‘ಒಲ್ಯೆ’ ಎಂದೂ ಬರೆಯಲ್ಪಟ್ಟು ಹಾಗೆಯೇ ನಿಂತಿವೆ. ಕತಲೂನ್ಯದ 1998ರ ಭಾಷಾನೀತಿ ಕಾಯಿದೆ ತಮ್ಮ ಹೆಸರನ್ನು ವ್ಯಾಕರಣಸಮ್ಮತ ಕತಲಾನ್ ರೂಪಕ್ಕೆ ತಂದುಕೊಳ್ಳುವ ಹಕ್ಕನ್ನು ಜನರಿಗೆ ಕೊಟ್ಟಿತು. ಅಲ್ಲಿಯ ಭಾಷಾವಿಜ್ಞಾನಿಗಳು ‘ಫೆರ್ರೆರ್’ ಮತ್ತು ‘ಫೆರ್ರೆ’ ಮನೆತನಗಳನ್ನು ಎರಡು ಮೂಲದವೆಂದು ಎಣಿಸುವುದಿಲ್ಲ. ‘ಕುಂಬಾರ’ ಮತ್ತು ‘ಕುಂಭಾರ’ಗಳ ಬಗ್ಗೆ ನಾವೂ ಅಷ್ಟೇ ಎಚ್ಚರ ವಹಿಸಬೇಕು.

6. ಒಂದು ಆಕ್ಷೇಪ ಮತ್ತು ಉಳಿಯುವ ಪುರಾವೆ

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ಕುಂಬಾರ’ ಅಪವಾದದ ಪ್ರಕರಣ. ಉಳಿದ ವೃತ್ತಿನಾಮಗಳಲ್ಲಿ ಕನ್ನಡ ಮತ್ತು ಮರಾಠಿ ಸ್ಪಷ್ಟವಾಗಿ ಬೇರೆಯಾಗಿವೆ. ಕಮ್ಮಾರ–ಲೋಹಾರ, ಬಡಿಗೇರ–ಸುತಾರ, ಗಾಣಿಗೇರ–ತೇಲಿ ಎಂಬ ಜೋಡಿಗಳಿರುವಾಗ ಹೆಸರಿನಿಂದ ಮನೆತನದ ಭಾಷೆಯನ್ನು ಹೇಳಬಾರದೇಕೆ?

ಆಕ್ಷೇಪಕ್ಕೆ ಅರ್ಧ ಬಲವಿದೆ. ಈ ಜೋಡಿಗಳಲ್ಲಿ ರೂಪಗಳು ಬೇರೆ ನಿಜ. ಆದರೆ ಆ ಭೇದ ‘ದ್ರಾವಿಡ–ಆರ್ಯ’ ಭೇದವಲ್ಲ. ‘ಕಮ್ಮಾರ’ವನ್ನು ಸಂಸ್ಕೃತದ ‘ಕರ್ಮಾರ’ಕ್ಕೆ ಸಂಬಂಧಿಸಲಾಗುತ್ತದೆ, ಪಾಲಿಯಲ್ಲಿ ‘ಕಮ್ಮಾರ’ ಎಂಬ ರೂಪವೇ ಇದೆ. ‘ಬಡಗಿ’ ಸಂಸ್ಕೃತದ ‘ವರ್ಧಕಿ’ಯ ವಂಶದ್ದು, ಹಿಂದಿಯ ‘ಬಢಈ’ ಅದರ ಸಂಬಂಧಿ. ಬೆಳಗಾವಿ ಕಡೆಯ ‘ಬಡಿಗ’ ಎಂಬ ರೂಪವನ್ನು ‘ಬಡಿ’ ಧಾತುವಿಗೆ ಜೋಡಿಸಿ, ಬಡಿಯುವವನೇ ಬಡಿಗ ಎಂದು ವಿವರಿಸುವುದು ಸೊಗಸಾಗಿ ಕೇಳಿಸುತ್ತದೆ. ವರ್ಧಕಿಯಿಂದ ಬಡಗಿಯವರೆಗಿನ ಸರಪಳಿ ಎದುರಿಗಿರುವಾಗ ಅದು ಜಾನಪದ ವ್ಯುತ್ಪತ್ತಿಯಾಗಿಯೇ ಉಳಿಯುತ್ತದೆ. ಕನ್ನಡ ಉಳಿಸಿಕೊಂಡ ಹಳೆಯ ಆರ್ಯಮೂಲದ ಪದಗಳ ಜಾಗದಲ್ಲಿ ಮರಾಠಿಯಲ್ಲಿ ‘ಲೋಹಾರ’, ‘ಸುತಾರ’ಗಳು ನೆಲೆನಿಂತಿವೆ, ಅಷ್ಟೆ.

ಇದಕ್ಕಿಂತ ಗಂಭೀರವಾದ ತೊಡಕು ಅನುವಾದದ್ದು. ಕುಂಬಾರನ ಹೆಸರು ಒಂದು ಭಾಷೆಯ ದಾಖಲೆಯಿಂದ ಇನ್ನೊಂದಕ್ಕೆ ಹೋದಾಗ ಒಂದು ಅಕ್ಷರ ಬದಲಾಗುತ್ತದೆ. ಬಡಿಗೇರನ ಹೆಸರು ಹೋದಾಗ ಇಡೀ ಪದವೇ ಬದಲಾಗಬಲ್ಲದು, ಏಕೆಂದರೆ ವೃತ್ತಿಸೂಚಕ ಅಡ್ಡಹೆಸರಿಗೆ ಅರ್ಥ ಇನ್ನೂ ಸತ್ತಿಲ್ಲ. ಅರ್ಥ ತಿಳಿಯುವ ಹೆಸರನ್ನು ಬರೆಯುವವನು ತನ್ನ ಭಾಷೆಗೆ ತಿರುಗಿಸಬಲ್ಲ. ಹೇಳುವವನೂ ಕೇಳುವವನ ಭಾಷೆಗೆ ತಕ್ಕಂತೆ ತಿರುಗಿಸಿ ಹೇಳಬಲ್ಲ. ಆದ್ದರಿಂದ ರೂಪಭೇದ ಹೆಚ್ಚಿದಷ್ಟೂ ಪುರಾವೆ ಬಲವಾಗುತ್ತದೆಂದು ಭಾವಿಸುವಂತಿಲ್ಲ.

ಹಾಗಾದರೆ ಉಳಿಯುವ ಪುರಾವೆ ಯಾವುದು? ನಮ್ಮ ಅಭಿಪ್ರಾಯದಲ್ಲಿ ಪ್ರಕೃತಿಗಿಂತ ಪ್ರತ್ಯಯ ಹೆಚ್ಚು ನಂಬಲರ್ಹ. ‘ಬಡಿಗೇರ’, ‘ಗಾಣಿಗ್ಯಾರ’ ಎಂದೂ ಕೇಳಿಸುವ ‘ಗಾಣಿಗೇರ’, ‘ಅಂಬಿಗೇರ’ಗಳಲ್ಲಿರುವ ‘-ಏರ’ ಉತ್ತರ ಕನ್ನಡದ ಆಡುಮಾತಿನ ಬಹುವಚನ ಷಷ್ಠಿ. ‘ಗಾಣಿಗೇರ ಮನಿ’ ಎಂಬ ಮಾತಿನಿಂದ ‘ಗಾಣಿಗೇರ’ ಎಂಬ ಅಡ್ಡಹೆಸರಿಗೆ ಇರುವ ದೂರ ಒಂದೇ ಹೆಜ್ಜೆ. ಮನೆಯನ್ನು ಊರವರು ಹೇಗೆ ಕರೆಯುತ್ತಿದ್ದರೆಂಬುದು ಈ ವಿಭಕ್ತಿಯಲ್ಲಿ ಉಳಿದಿದೆ, ಮತ್ತು ಹಾಗೆ ಕರೆದವರು ಕನ್ನಡದಲ್ಲಿ ಕರೆಯುತ್ತಿದ್ದರು. ಗಮನಿಸಬೇಕಾದದ್ದು, ಇದು ಕೂಡ ಕರೆದವರ ಭಾಷೆಗೆ ಸಾಕ್ಷಿ. ಕರೆಸಿಕೊಂಡವರ ಭಾಷೆಗೆ ನೇರ ಸಾಕ್ಷಿಯಲ್ಲ. ‘ಕುಂಬಾರ’ದಲ್ಲಿ ಈ ನೆರವೂ ಸಿಗುವುದಿಲ್ಲ. ಪ್ರಕೃತಿಯೇ ರಕಾರದಲ್ಲಿ ಮುಗಿಯುವುದರಿಂದ ‘ಕುಂಬಾರರ ಮನಿ’ ಎಂಬುದು ಆಡುಮಾತಿನಲ್ಲಿ ಸುಲಭವಾಗಿ ‘ಕುಂಬಾರ ಮನಿ’ ಆಗುತ್ತದೆ. ಷಷ್ಠಿಯ ಗುರುತು ಪ್ರಕೃತಿಯೊಳಗೆ ಕರಗಿಹೋಗುತ್ತದೆ. ಗಡಿಸೀಮೆಯ ವೃತ್ತಿನಾಮಗಳಲ್ಲಿ ಭಾಷೆಯ ಬಗ್ಗೆ ಅತ್ಯಂತ ಕಡಿಮೆ ಹೇಳುವ ಹೆಸರು ಬಹುಶಃ ಇದೇ.

7. ಸ್ಥಳನಾಮದಿಂದ ಮನೆತನದ ಹೆಸರಿಗೆ: ಒಂದು ಅಸಮರ್ಪಕ ಸಾದೃಶ್ಯ

ಹೆಸರಿನಿಂದ ನೆಲದ ಭಾಷಾಚರಿತ್ರೆಯನ್ನು ಓದುವ ಪರಂಪರೆಗೆ ಕನ್ನಡದಲ್ಲಿ ಶಂ. ಬಾ. ಜೋಶಿಯವರಂಥ ಹಿರಿಯರ ಬಲವಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರಾದ ಅವರು ‘ಎಡೆಗಳು ಹೇಳುವ ಕಂನಾಡ ಕಥೆ’ಯಲ್ಲಿ ಸ್ಥಳನಾಮಗಳನ್ನು ಕನ್ನಡದ ಹಳೆಯ ವ್ಯಾಪ್ತಿಗೆ ಆಧಾರವಾಗಿ ಮುಂದಿಟ್ಟರು. ಕನ್ನಡದ ನಾಮವಿಜ್ಞಾನಕ್ಕೆ ವ್ಯವಸ್ಥಿತ ರೂಪ ಕೊಟ್ಟವರಲ್ಲಿ ಎಂ. ಎಂ. ಕಲಬುರ್ಗಿಯವರು ಪ್ರಮುಖರು. ಈ ಪರಂಪರೆಯ ಸಾಧನೆಯನ್ನು ಕಿರಿದಾಗಿಸುವುದು ನಮ್ಮ ಉದ್ದೇಶವಲ್ಲ. ಆದರೆ ಸ್ಥಳನಾಮಕ್ಕೆ ಸಲ್ಲುವ ತರ್ಕವನ್ನು ಅಡ್ಡಹೆಸರಿಗೆ ವಿಸ್ತರಿಸುವಾಗ ಒಂದು ಮೂಲಭೂತ ವ್ಯತ್ಯಾಸ ಮರೆಯಾಗುತ್ತದೆ. ಊರು ಚಲಿಸುವುದಿಲ್ಲ, ಅದರ ಹೆಸರಿನ ಅರ್ಥ ಸಾಮಾನ್ಯವಾಗಿ ಬಳಕೆದಾರರಿಗೆ ಮಸುಕಾಗಿರುತ್ತದೆ, ಆದ್ದರಿಂದಲೇ ಅನುವಾದಕ್ಕೆ ಒಳಗಾಗದೆ ಹಳೆಯ ರೂಪ ಉಳಿಯುತ್ತದೆ. ವೃತ್ತಿಸೂಚಕ ಅಡ್ಡಹೆಸರು ಎರಡರಲ್ಲಿಯೂ ಇದಕ್ಕೆ ವಿರುದ್ಧ: ಅದು ಜನರೊಡನೆ ಚಲಿಸುತ್ತದೆ, ಅದರ ಅರ್ಥ ಎಲ್ಲರಿಗೂ ತಿಳಿದಿರುತ್ತದೆ.

ಸಾಂಗ್ಲಿ ಜಿಲ್ಲೆಯ ಕುಪವಾಡದ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತ. ಅಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆಗಳು ಒಂದಕ್ಕೊಂದು ಬಹಳ ಹತ್ತಿರವಾಗಿದ್ದರೂ ಪದರೂಪಗಳು ಬೇರೆಯಾಗಿಯೇ ಉಳಿದು ಆಯಾ ಮನೆಮಾತಿನ ಗುರುತಾಗಿದ್ದವು. ಈ ಫಲಿತಾಂಶವನ್ನು ಅಡ್ಡಹೆಸರಿಗೆ ಅನ್ವಯಿಸಲು ಮನಸ್ಸಾಗುವುದು ಸಹಜ. ಆದರೆ ಕುಪವಾಡದಲ್ಲಿ ಪದರೂಪಗಳನ್ನು ಕಾಪಾಡಿದ್ದು ಮನೆಯೊಳಗಿನ ಮಾತು. ಅಡ್ಡಹೆಸರಿನ ನೆಲೆ ಮನೆಯಲ್ಲ; ಮನೆಯೊಳಗೆ ಯಾರೂ ಯಾರನ್ನೂ ಅಡ್ಡಹೆಸರಿನಿಂದ ಕರೆಯುವುದಿಲ್ಲ. ಅದು ಶಾಲೆ, ಚಾವಡಿ, ಕಚೇರಿ, ಮತದಾರರ ಪಟ್ಟಿಗಳಲ್ಲಿ ಬದುಕುತ್ತದೆ. ಸಾರ್ವಜನಿಕ ಬಳಕೆಯ ರೂಪದಿಂದ ಮನೆಮಾತನ್ನು ಊಹಿಸುವಾಗ ಮಧ್ಯೆ ಇರುವ ಈ ಅಂತರವನ್ನು ಕ್ಷೇತ್ರಕಾರ್ಯವೇ ತುಂಬಬೇಕು.

8. ಏನನ್ನು ದಾಖಲಿಸಬೇಕು

ವಿಮರ್ಶೆ ನಿಷೇಧದಲ್ಲಿ ಮುಗಿಯಬಾರದು. ವೃತ್ತಿಸೂಚಕ ಅಡ್ಡಹೆಸರುಗಳ ಅಧ್ಯಯನ ಈ ಸೀಮೆಯಲ್ಲಿ ಅತ್ಯಂತ ಫಲವತ್ತಾಗಬಲ್ಲದು, ಪ್ರಶ್ನೆಯನ್ನು ಬದಲಿಸಿಕೊಂಡರೆ. ‘ಈ ಮನೆತನ ಎಲ್ಲಿಯದು’ ಎಂದು ಹೆಸರನ್ನು ಕೇಳುವ ಬದಲು ‘ಈ ಹೆಸರು ಈ ರೂಪಕ್ಕೆ ಹೇಗೆ ಬಂತು’ ಎಂದು ಮನೆತನವನ್ನೂ ದಾಖಲೆಯನ್ನೂ ಕೇಳಬೇಕು. ಅದಕ್ಕಾಗಿ ಪ್ರತಿ ಹೆಸರಿನೊಡನೆ ಕನಿಷ್ಠ ಐದು ಸಂಗತಿಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳುವುದು ಅಗತ್ಯವೆಂದು ನಾವು ಸೂಚಿಸುತ್ತೇವೆ: ಹೆಸರು ದೊರೆತ ದಾಖಲೆ ಯಾವುದು, ಯಾವ ವರ್ಷದ್ದು, ಯಾವ ಲಿಪಿಯದು, ಮನೆಯವರು ತಮ್ಮ ಹೆಸರನ್ನು ಹೇಗೆ ಉಚ್ಚರಿಸುತ್ತಾರೆ, ನೆರೆಯವರು ಹೇಗೆ ಉಚ್ಚರಿಸುತ್ತಾರೆ, ಅಜ್ಜ, ತಂದೆ, ಮಕ್ಕಳು ಈ ಮೂರು ತಲೆಮಾರುಗಳ ಮನೆಮಾತು ಮತ್ತು ಶಾಲೆಯ ಮಾಧ್ಯಮ ಯಾವುದು, ವೃತ್ತಿಪದ ಹೆಸರಿನ ಮುಂದಿದೆಯೋ ಹಿಂದಿದೆಯೋ, ವಿಭಕ್ತಿಯ ಗುರುತು ಇದೆಯೋ, ಮನೆತನದಲ್ಲಿ ಆ ವೃತ್ತಿ ನಡೆಯುತ್ತಿದೆಯೋ, ನಿಂತಿದ್ದರೆ ಯಾರ ಕಾಲಕ್ಕೆ ನಿಂತಿತು. ಐದನೆಯದು ಭಾಷಾವಿಜ್ಞಾನದ ಹೊರಗಿನ ಪ್ರಶ್ನೆಯಂತೆ ಕಂಡೀತು. ಆದರೆ ವೃತ್ತಿ ನಿಂತ ಮೇಲೆಯೇ ಹೆಸರಿನ ಅರ್ಥ ಮಸುಕಾಗತೊಡಗುತ್ತದೆ. ಅರ್ಥ ಮಸುಕಾದ ಮೇಲೆ ಅನುವಾದ ನಿಲ್ಲುತ್ತದೆ. ಅನುವಾದ ನಿಂತ ಮೇಲೆ ರೂಪ ಗಟ್ಟಿಯಾಗುತ್ತದೆ. ಚಕ್ರ ಇನ್ನೂ ತಿರುಗುತ್ತಿರುವ ಮನೆಗಳೂ ನಿಂತಿರುವ ಮನೆಗಳೂ ಒಂದೇ ತಾಲ್ಲೂಕಿನಲ್ಲಿ ಇರುವುದರಿಂದ ಈ ಊಹೆಯನ್ನು ಪರೀಕ್ಷಿಸಲು ಖಾನಾಪುರಕ್ಕಿಂತ ತಕ್ಕ ಕ್ಷೇತ್ರ ಸಿಗುವುದು ಕಷ್ಟ.

ಈ ಎಚ್ಚರಿಕೆಯ ಅಗತ್ಯ ಶಾಸ್ತ್ರಕ್ಕೆ ಮಾತ್ರ ಸೀಮಿತವಲ್ಲ. 1966ರಲ್ಲಿ ನೇಮಕಗೊಂಡು 1967ರಲ್ಲಿ ವರದಿ ಸಲ್ಲಿಸಿದ ಮಹಾಜನ ಆಯೋಗ ಬೆಳಗಾವಿ ನಗರ ಕರ್ನಾಟಕದಲ್ಲಿಯೇ ಉಳಿಯಬೇಕೆಂದು ಹೇಳಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ಅದು ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಇಂಥ ವಿವಾದದ ನೆರಳಿನಲ್ಲಿ ಊರು, ದೇವರು, ಶಾಸನ, ಅಡ್ಡಹೆಸರು ಎಲ್ಲವೂ ಒಂದಲ್ಲ ಒಂದು ಪಕ್ಷದ ಸಾಕ್ಷಿಗಳಾಗಿ ಕರೆಸಿಕೊಳ್ಳುತ್ತವೆ. ಗಡಿಯ ಪ್ರಶ್ನೆಯಲ್ಲಿ ನಾಗರಿಕರಾಗಿ ನಮಗೆ ಯಾವ ನಿಲುವು ಇದ್ದರೂ, ಭಾಷಾವಿಜ್ಞಾನಿಗಳಾಗಿ ನಾವು ಹೇಳಬೇಕಾದದ್ದು ಇಷ್ಟು: ‘ಕುಂಭಾರ’ ಎಂಬ ಭಕಾರದಿಂದ ಒಂದು ಮನೆತನ ಮರಾಠಿಯದಾಗುವುದಿಲ್ಲ, ‘ಕುಂಬಾರ’ ಎಂಬ ಬಕಾರದಿಂದ ಕನ್ನಡದ್ದೂ ಆಗುವುದಿಲ್ಲ. ಅವರ ಭಾಷೆ ಯಾವುದೆಂಬುದನ್ನು ಅವರ ಮಾತಿನಿಂದಲೇ ತಿಳಿಯಬೇಕು. ಆ ಮಾತು ಒಂದಕ್ಕಿಂತ ಹೆಚ್ಚು ಭಾಷೆಗಳದ್ದಾಗಿದ್ದರೆ ಅದನ್ನೂ ಹಾಗೆಯೇ ದಾಖಲಿಸಬೇಕು.